ಅಗ್ಗದ ಸ್ಕ್ರಾಲ್ ಸಾ ಯಂತ್ರದಲ್ಲಿ ಕನ್ನಡ ಅಕ್ಷರಗಳನ್ನು ಕತ್ತರಿಸಬಹುದೇ?

ಪ್ರಶ್ನೆ: ಮಲೆನಾಡಿನ ಓದುಗ (ಸಾಗರ)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ ಕಳೆದಿದೆ. ಊರು ಸಾಗರ ಎಂದೊಡನೆ ನನಗೂ ಮರದ ಕೆತ್ತನೆ ಬರುತ್ತದೆಂದು ಹಲವರು ಭಾವಿಸುತ್ತಾರೆ. ಗಂಧದ ಕೆತ್ತನೆಯು ಗುಡಿಗಾರರ ಮನೆಗಳಲ್ಲಿ ಬಾಲ್ಯದಿಂದಲೇ ಕೈಗೆ ಹತ್ತುವ ವಿದ್ಯೆ. ನನ್ನ ಕೈಗೆ ಹತ್ತಿರುವುದು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವೊಂದೇ.

ಮೊಮ್ಮಗಳಿಗೆ ಈಗ ಅಕ್ಷರಾಭ್ಯಾಸದ ವಯಸ್ಸು. ಕೈಯಲ್ಲಿ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ ಆಕಾರವನ್ನು ಅರಿಯಬಹುದಾದ ಮರದ ಅಕ್ಷರಗಳನ್ನು ‘ಅ’ದಿಂದ ‘ಳ’ದವರೆಗೆ ನಾನೇ ಮಾಡಿಕೊಡಬೇಕೆಂಬ ಆಸೆ ಹುಟ್ಟಿದೆ. ನಮ್ಮೂರಿನ ಆಟಿಕೆ ಅಂಗಡಿಗಳಲ್ಲಿ ಇಂಗ್ಲಿಷಿನ ಮರದ ಅಕ್ಷರಗಳು ದೊರೆತವು. ಕನ್ನಡದ್ದು ಹಲಗೆಯ ಮೇಲೆ ಅಚ್ಚು ಹಾಕಿದ್ದು ಸಿಕ್ಕಿತೇ ಹೊರತು ಅಕ್ಷರದ ಆಕಾರಕ್ಕೇ ಕತ್ತರಿಸಿದ್ದು ಸಿಗಲಿಲ್ಲ. ಪರಿಚಯದ ಬಡಗಿಯೊಬ್ಬರಿಂದ ಜಿಗ್ ಸಾ ಎಂಬ, ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಗರಗಸವನ್ನು ಒಂದು ಭಾನುವಾರದ ಮಟ್ಟಿಗೆ ಎರವಲು ತಂದು 6 ಮಿ.ಮೀ. ಪ್ಲೈವುಡ್‌ನಲ್ಲಿ ‘ಇ’ ಕತ್ತರಿಸಲು ಹೋದೆ. ಮೇಲಿನ ಪದರ ಸಿಪ್ಪೆಯಂತೆ ಎದ್ದು ಬಂದಿತು. ಒಳಸುರುಳಿಯ ಬಳಿ ಬ್ಲೇಡ್ ತಿರುಗಲೊಲ್ಲದೆ ಅಕ್ಷರವೇ ಎರಡು ತುಂಡಾಯಿತು. ಯಂತ್ರವನ್ನು ಹಿಂದಿರುಗಿಸಲು ಹೋದಾಗ ಆ ಬಡಗಿಯೇ, “ಈ ಕೆಲಸಕ್ಕೆ ಸ್ಕ್ರಾಲ್ ಸಾ ಬೇಕು ಸರ್, ಅದು ನನ್ನ ಹತ್ತಿರ ಇಲ್ಲ” ಎಂದರು. ಮೇಜಿನ ಮೇಲೆ ಕೂರಿಸಿದ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸದ ಯಂತ್ರವದು.

ಅಂತರ್ಜಾಲದ ಅಂಗಡಿಗಳಲ್ಲಿ ಹುಡುಕಿದಾಗ ಹದಿನೈದು ಸಾವಿರ ರೂಪಾಯಿಯ ಒಳಗೆ ಕೆಲವು ಯಂತ್ರಗಳು ಕಂಡವು. ಎಲ್ಲವೂ 16 ಅಂಗುಲದವು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ, ಬಣ್ಣ ಮತ್ತು ಹೆಸರು ಮಾತ್ರ ಬೇರೆ. ಈ 16 ಅಂಗುಲವೆಂಬುದು ಯಾವುದರ ಅಳತೆ? ಹೆಚ್ಚು ಬೆಲೆಯ ಯಂತ್ರಕ್ಕೂ ಇದಕ್ಕೂ ನನ್ನಂತಹ ಹವ್ಯಾಸಿಯ ಕೈಯಲ್ಲಿ ನಿಜವಾಗಿ ಎಷ್ಟು ಅಂತರ ಬಂದೀತು? ಯಾವ ಮರದಿಂದ ಆರಂಭಿಸುವುದು ಒಳ್ಳೆಯದು? ಯಂತ್ರವನ್ನು ಅಟ್ಟದ ಮೇಲಿನ ಕೋಣೆಯಲ್ಲಿ ಇಡಬೇಕೆಂದಿದ್ದೇನೆ. ಅಮೆರಿಕದಲ್ಲಿರುವ ಅಣ್ಣನ ಮಗ ರಜೆಗೆ ಬರುವಾಗ ಅಲ್ಲಿಂದಲೇ ಒಂದು ಯಂತ್ರ ತರುತ್ತೇನೆ ಎನ್ನುತ್ತಿದ್ದಾನೆ. ಅದಕ್ಕೆ ಒಪ್ಪಬಹುದೇ ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1: ಮರದ ಹೊಟ್ಟು (ಬೆಂಗಳೂರು)

ಸರ್, ನಮಸ್ಕಾರ.

ನಿಮ್ಮ ಪ್ರಶ್ನೆಗಳಲ್ಲಿ ಇಲ್ಲದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ನೀವು ನೋಡಿರುವಂಥದ್ದೇ ಅಗ್ಗದ ಯಂತ್ರವನ್ನು ಆರು ವರ್ಷಗಳಿಂದ ಬಳಸುತ್ತಿರುವ ನನಗೆ ಮಿಕ್ಕೆಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ. ಸ್ಕ್ರಾಲ್ ಸಾ ಬ್ಲೇಡ್‌ಗಳಲ್ಲಿ ಎರಡು ಬಗೆ. ಎರಡರ ಉದ್ದವೂ ಸುಮಾರು 5 ಅಂಗುಲ. ಒಂದರ ಎರಡೂ ತುದಿಗಳಲ್ಲಿ ಅಡ್ಡಕ್ಕೆ ಪುಟ್ಟ ಪಿನ್ ಇರುತ್ತದೆ, ಅದನ್ನು ಯಂತ್ರದ ತೋಳಿನ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಇನ್ನೊಂದರ ತುದಿಗಳು ಬೋಳಾಗಿರುತ್ತವೆ, ಅದನ್ನು ಸ್ಕ್ರೂ ಬಿಗಿದು ಹಿಡಿಸಬೇಕು. ಅಕ್ಷರದ ಒಳಗಿನ ಖಾಲಿ ಜಾಗವನ್ನು ಕತ್ತರಿಸಬೇಕಾದರೆ ಮೊದಲು ಅಲ್ಲೊಂದು ರಂಧ್ರ ಕೊರೆದು, ಬ್ಲೇಡಿನ ಮೇಲಿನ ತುದಿಯನ್ನು ಬಿಚ್ಚಿ, ಆ ರಂಧ್ರದ ಮೂಲಕ ತೂರಿಸಿ, ಮತ್ತೆ ಬಿಗಿಯಬೇಕಾಗುತ್ತದೆ. ಪಿನ್ ಇರುವ ಬ್ಲೇಡ್ ತೂರಬೇಕಾದರೆ ಸುಮಾರು 5 ಮಿ.ಮೀ. ರಂಧ್ರವೇ ಬೇಕು, ಪಿನ್ ಇಲ್ಲದ ಸಣ್ಣ ಬ್ಲೇಡಿಗೆ 1.5 ಮಿ.ಮೀ. ಸಾಕು. ಮೂರು ಅಂಗುಲ ಎತ್ತರದ ‘ರ’ ಅಕ್ಷರದ ಹೊಟ್ಟೆಯಲ್ಲಿ 5 ಮಿ.ಮೀ. ರಂಧ್ರಕ್ಕೆ ಧಾರಾಳವಾಗಿ ಜಾಗವಿದೆ, ಆದರೆ ‘ಇ’ ಅಕ್ಷರದ ಒಳಸುರುಳಿಯಲ್ಲಿ ಅಷ್ಟು ದೊಡ್ಡ ತೂತು ಬಿದ್ದರೆ ಅಕ್ಷರವೇ ಕೆಟ್ಟುಹೋಗುತ್ತದೆ. ಆದ್ದರಿಂದ ಪಿನ್ ಇಲ್ಲದ ಬ್ಲೇಡನ್ನೂ ಹಿಡಿಯುವ ಯಂತ್ರವನ್ನೇ ಕೊಳ್ಳಿರಿ. ಪಿನ್ ಇರುವುದನ್ನು ಮಾತ್ರ ಹಿಡಿಯುವ ಯಂತ್ರ ಅರ್ಧ ಬೆಲೆಗೆ ಬಂದರೂ ನಿಮ್ಮ ಕೆಲಸಕ್ಕೆ ಬಾರದು.

ಅಗ್ಗದ ಯಂತ್ರಗಳಲ್ಲಿ ಪಿನ್ ಇಲ್ಲದ ಬ್ಲೇಡಿಗಾಗಿ ಎರಡು ಪುಟ್ಟ ಹಿಡಿಕೆಗಳನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಆರು ಮೂಲೆಯ ಅಲೆನ್ ಕೀಲಿಯಿಂದ ಬಿಗಿಯಬೇಕು, ಬಿಚ್ಚಬೇಕು. ದುಬಾರಿ ಯಂತ್ರದಲ್ಲಿ ಇದೇ ಕೆಲಸವನ್ನು ಒಂದು ಗುಬುಟು ತಿರುಗಿಸಿ ಕೆಲವೇ ಕ್ಷಣಗಳಲ್ಲಿ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಹವ್ಯಾಸಿಗೆ ಎದ್ದು ಕಾಣುವ ಅಂತರ ಇದೇ, ಇನ್ನೊಂದು ಅದುರುವಿಕೆ. ನಲವತ್ತು ಒಳರಂಧ್ರಗಳಿರುವ ಜಾಲರಿಯನ್ನು ಕತ್ತರಿಸುವವರಿಗೆ ಅಲೆನ್ ಕೀಲಿಯ ಸಹವಾಸ ಸಾಕೆನಿಸುತ್ತದೆ. ಅಕ್ಷರಕ್ಕೆ ಒಂದೋ ಎರಡೋ ರಂಧ್ರ ಇರುವ ನಿಮಗೆ ಅದು ಹೊರೆಯಾಗದು.

16 ಅಂಗುಲವೆಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ದೂರ. ಅಷ್ಟು ಉದ್ದದ ಹಲಗೆಯನ್ನು ತಡೆಯಿಲ್ಲದೆ ಸುತ್ತಲೂ ತಿರುಗಿಸಬಹುದು ಎಂದರ್ಥ. ಅಕ್ಷರಗಳಿಗೆ ಇದು ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ವೇಗವನ್ನು ಬದಲಿಸುವ ಗುಬುಟು ಇರಲೇಬೇಕು. ಇಂತಹ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 400ರಿಂದ 1600 ಬಾರಿ ಬ್ಲೇಡನ್ನು ಮೇಲೆ ಕೆಳಗೆ ಆಡಿಸುತ್ತವೆ. ಹೊಸಬರು ಕಡಿಮೆ ವೇಗದಲ್ಲಿ ಆರಂಭಿಸುವುದು ಒಳಿತು, ಏಕೆಂದರೆ ಅತಿ ವೇಗದಲ್ಲಿ ಗಟ್ಟಿ ಮರದ ಅಂಚು ಕರಕಲಾಗುತ್ತದೆ. 50 ಮಿ.ಮೀ. ದಪ್ಪದ ಮರವನ್ನು ಕತ್ತರಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ; 20 ಮಿ.ಮೀ. ದಾಟಿದರೆ ನನ್ನ ಯಂತ್ರ ಏದುಸಿರು ಬಿಡುತ್ತದೆ.

ಬ್ಲೇಡ್‌ಗಳಿಗೆ ಸಂಖ್ಯೆಗಳಿವೆ, ಸಂಖ್ಯೆ ಹೆಚ್ಚಾದಂತೆ ಬ್ಲೇಡ್ ಅಗಲವಾಗುತ್ತದೆ, ಹಲ್ಲುಗಳು ದೊಡ್ಡದಾಗುತ್ತವೆ. 5ನೇ ಸಂಖ್ಯೆಯದು ಸುಮಾರು 1 ಮಿ.ಮೀ. ಅಗಲ, ಅಂಗುಲಕ್ಕೆ ಹನ್ನೆರಡು ಹಲ್ಲುಗಳ ಆಸುಪಾಸಿನಲ್ಲಿರುತ್ತದೆ. ಮರದ ದಪ್ಪದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲುಗಳಾದರೂ ಇರಬೇಕೆಂಬುದು ರೂಢಿಯ ನಿಯಮ. ಈ ಲೆಕ್ಕದಲ್ಲಿ 6 ಮಿ.ಮೀ. ಪ್ಲೈವುಡ್‌ಗೆ 5ನೆಯದು ಅಂಚಿನಲ್ಲಿ ನಿಲ್ಲುತ್ತದೆ, 3ನೆಯದು ಇನ್ನೂ ನುಣುಪಾಗಿ ಕತ್ತರಿಸುತ್ತದೆ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ‘ರಿವರ್ಸ್ ಟೂತ್’ ಬ್ಲೇಡ್ ಸಿಕ್ಕಿದರೆ ಬಿಡಬೇಡಿ; ಪ್ಲೈವುಡ್‌ನ ತಳದ ಪದರ ಸೀಳುವುದನ್ನು ಅದು ತಡೆಯುತ್ತದೆ. ಯಂತ್ರದ ಜೊತೆಗೆ ಬರುವ ಒಂದೆರಡು ಬ್ಲೇಡ್‌ಗಳನ್ನು ನೋಡಿ ಯಂತ್ರವನ್ನು ಅಳೆಯಬಾರದು. ನಾನು ಮೊದಲ ತಿಂಗಳು ಅದೇ ತಪ್ಪು ಮಾಡಿ ಯಂತ್ರವನ್ನು ಮಾರಲು ಹೊರಟಿದ್ದೆ.

ಅಟ್ಟದ ಮೇಲೆ ಮಾತ್ರ ಇಡಬೇಡಿ. ಹಲಗೆ ಹಾಸಿದ ಅಟ್ಟ ಚಂಡೆಯಾಗುತ್ತದೆ, ಕೆಳಗಿರುವವರು ಮನೆ ಬಿಟ್ಟು ಓಡಬೇಕಾಗುತ್ತದೆ. ನೆಲದ ಮೇಲಿನ ಭಾರವಾದ ಮೇಜಿಗೆ ನಾಲ್ಕೂ ಬೋಲ್ಟ್‌ಗಳನ್ನು ಹಾಕಿ ಬಿಗಿಯಿರಿ, ನಡುವೆ ರಬ್ಬರ್ ಹಾಳೆ ಇರಲಿ. ನನ್ನದನ್ನು ದಪ್ಪ ಹಲಗೆಯೊಂದಕ್ಕೆ ಬಿಗಿದು, ಮೇಜಿನ ಕೆಳಹಲಗೆಯ ಮೇಲೆ ಎರಡು ಕಡಪ ಕಲ್ಲುಗಳನ್ನು ಹೇರಿದ ಮೇಲೆ ಅದುರುವಿಕೆ ಅರ್ಧಕ್ಕಿಳಿಯಿತು. ಬೆಂಗಳೂರಿಗೆ ಬರುವುದಿದ್ದರೆ ಎಸ್‌.ಜೆ.ಪಿ. ರಸ್ತೆಯ ಉಪಕರಣಗಳ ಅಂಗಡಿಗಳಲ್ಲಿ ವಿಚಾರಿಸಿ. ಯಂತ್ರವನ್ನು ಚಾಲೂ ಮಾಡಿಸಿ ನೋಡಿ ಕೊಳ್ಳುವ ಅವಕಾಶ ಚಿತ್ರ ನೋಡಿ ಕೊಳ್ಳುವಾಗ ಇರುವುದಿಲ್ಲ.


ಉತ್ತರ 2: ಕೈಗರಗಸ (ಮೈಸೂರು)

ಹಿರಿಯರಿಗೆ ನಮಸ್ಕಾರಗಳು.

ಯಂತ್ರವನ್ನು ಕೊಳ್ಳಬೇಡಿ ಎಂದು ಹೇಳುವುದಿಲ್ಲ, ಆದರೆ ಕೊಳ್ಳುವ ಮುನ್ನ ಒಂದು ತಿಂಗಳು ಕೈಯಲ್ಲಿ ಕತ್ತರಿಸಿ ನೋಡಿ ಎಂದು ಹೇಳಬಯಸುತ್ತೇನೆ. ನಮ್ಮ ತಂದೆಯವರು ಬೀಟೆ ಮರದ ಇನ್‌ಲೇ ಕೆಲಸ ಮಾಡುತ್ತಿದ್ದರು. ಆನೆಯ ಮೈ, ಬಾಳೆಯ ಎಲೆ, ಗುಡಿಸಲಿನ ಮಾಡು, ಹೀಗೆ ಒಂದೊಂದಕ್ಕೂ ಒಂದೊಂದು ಬಣ್ಣದ ಮರವನ್ನು ಆರಿಸಿ, ಆಯಾ ಆಕಾರಕ್ಕೆ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ಅಷ್ಟೇ ಅಗಲದ ತಗ್ಗು ಕೆತ್ತಿ ಅಂಟಿಸುತ್ತಿದ್ದರು. ಕತ್ತರಿಸಲು ಅವರ ಬಳಿ ಇದ್ದದ್ದು ಕಮಾನಿನಂತೆ ಬಾಗಿದ ಚೌಕಟ್ಟಿಗೆ ಕೂದಲೆಳೆಯಂತಹ ಬ್ಲೇಡ್ ಕಟ್ಟಿದ ಕೈಗರಗಸ, ಮತ್ತು ಮೇಜಿನ ಅಂಚಿಗೆ ಬಿಗಿದ, ನಡುವೆ ಸೀಳು ಬಿಟ್ಟ ಒಂದು ತುಂಡು ಹಲಗೆ. ಬ್ಲೇಡ್ ನೇರವಾಗಿ ಮೇಲೆ ಕೆಳಗೆ ಆಡಬೇಕು, ತಿರುಗಬೇಕಾದ್ದು ಮರ. ಈ ಒಂದು ಅಭ್ಯಾಸ ಕೈಗೆ ಕೂತರೆ ಯಂತ್ರದ ಮುಂದೆಯೂ ತೊಂದರೆಯಾಗದು.

ಬ್ಲೇಡ್‌ಗಳ ವಿಷಯದಲ್ಲಿ ಇನ್ನೊಂದು ಉಪಯುಕ್ತ ಸಂಗತಿ: ಅಕ್ಕಸಾಲಿಗರು ಬಳಸುವ ಗರಗಸದ ಬ್ಲೇಡ್ 130 ಮಿ.ಮೀ. ಉದ್ದವಿದ್ದು, ಅದಕ್ಕೂ ಪಿನ್ ಇರುವುದಿಲ್ಲ. ಮೇಲಿನವರು ಹೇಳಿದ, ಪಿನ್ ಇಲ್ಲದ ಬ್ಲೇಡಿನ ಹಿಡಿಕೆಗೆ ಅದು ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಲೋಹಕ್ಕಾಗಿ ಮಾಡಿದ ಸಣ್ಣ ಹಲ್ಲುಗಳಾದ್ದರಿಂದ ದಪ್ಪ ಮರದಲ್ಲಿ ಹೊಟ್ಟು ತುಂಬಿಕೊಂಡು ಬಿಸಿಯಾಗುತ್ತದೆ, ಆದರೆ 3 ಮಿ.ಮೀ. ಹಲಗೆಗೆ ಚೆನ್ನಾಗಿ ಒದಗುತ್ತದೆ. ಅಕ್ಕಸಾಲಿಗರ ಉಪಕರಣ ಮಾರುವ ಅಂಗಡಿ ಇರುವ ಊರಿನಲ್ಲಿ ನೀವು ಬ್ಲೇಡಿಗಾಗಿ ಅಂಚೆಯನ್ನು ಕಾಯಬೇಕಾಗಿಲ್ಲ.

ಈಗ ಅಕ್ಷರಗಳ ಮಾತು. ಇಂಗ್ಲಿಷಿನ ‘ಎಲ್’, ‘ಟಿ’ ಮುಂತಾದವನ್ನು ನೇರ ಗೆರೆಗಳಲ್ಲಿ ಮುಗಿಸಬಹುದು; ನಮ್ಮ ಲಿಪಿಯಲ್ಲಿ ನೇರ ಗೆರೆಯೇ ಅಪರೂಪ, ಸುತ್ತೇ ಎಲ್ಲವೂ. ಸ್ಕ್ರಾಲ್ ಸಾ ಹುಟ್ಟಿದ್ದೇ ಸುತ್ತಿಗಾಗಿ, ಆದ್ದರಿಂದ ಭಯ ಬೇಡ. ಭಯಪಡಬೇಕಾದ್ದು ಎರಡು ಕಡೆ. ಮೊದಲನೆಯದು ತಲೆಕಟ್ಟಿನ ಬಾಲ. ಪದರಗಳಿಲ್ಲದ ಅಖಂಡ ಮರದ ಹಲಗೆಯಲ್ಲಿ ಕತ್ತರಿಸಿದಾಗ ಮರದ ಎಳೆಗೆ ಅಡ್ಡವಾಗಿ ನಿಲ್ಲುವ ಸಣ್ಣ ಭಾಗ ಯಾವುದಿದ್ದರೂ ಅಲ್ಲೇ ಮುರಿಯುತ್ತದೆ, ಅದೂ ಮಕ್ಕಳ ಕೈಯಲ್ಲಿ ಎರಡು ದಿನ ಬಾಳದು. ಪ್ಲೈವುಡ್‌ನಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಈ ದೋಷವಿಲ್ಲ. ಮೂರು ಪದರದ್ದಕ್ಕಿಂತ ಐದು ಪದರದ್ದನ್ನು ಕೇಳಿ ಪಡೆಯಿರಿ. ಭಾರತೀಯ ಮಾನಕದ ಐಎಸ್ 303 ಮುದ್ರೆಯ ಸಾಮಾನ್ಯ ಪ್ಲೈವುಡ್ ಸಾಕು. ಐಎಸ್ 710 ಮುದ್ರೆಯದು ನೀರಿಗೆ ಜಗ್ಗದು ನಿಜ, ಆದರೆ ಅದರ ಕಪ್ಪು ಅಂಟಿನ ಪದರ ಬ್ಲೇಡಿನ ಮೊನೆಯನ್ನು ಬೇಗ ತಿನ್ನುತ್ತದೆ.

ಎರಡನೆಯದು ‘ಠ’. ಹೊಟ್ಟೆಯೊಳಗಿನ ಚುಕ್ಕೆ ಯಾವುದಕ್ಕೂ ಅಂಟಿಕೊಂಡಿಲ್ಲ. ಒಳಗನ್ನು ಕತ್ತರಿಸಿದೊಡನೆ ಚುಕ್ಕೆ ಕೆಳಗೆ ಬೀಳುತ್ತದೆ, ಕೈಯಲ್ಲಿ ಉಳಿಯುವುದು ‘ರ’. ಅನುಸ್ವಾರದ ಸೊನ್ನೆಗೆ, ಬಿಡಿಯಾಗಿ ನಿಲ್ಲುವ ಒತ್ತಕ್ಷರಗಳಿಗೆ ಇದೇ ಪಾಡು. ಮನೆಯ ಹೆಸರಿನ ಫಲಕವಾದರೆ ಎಲ್ಲವನ್ನೂ ಹಿಂದಿನ ಹಲಗೆಗೆ ಫೆವಿಕಾಲ್ ಹಾಕಿ ಅಂಟಿಸಿಬಿಡಬಹುದು. ಕೈಗೆ ಕೊಡುವ ಬಿಡಿ ಅಕ್ಷರವಾದರೆ ಚುಕ್ಕೆಯಿಂದ ಅಂಚಿಗೆ ಒಂದು ಸಣ್ಣ ಸೇತುವೆಯನ್ನು ಬಿಟ್ಟುಕೊಂಡೇ ನಕ್ಷೆ ಬರೆಯಬೇಕು.

ಬೀಟೆ ಮರಕ್ಕೆ ಸದ್ಯ ಕೈ ಹಾಕದಿರಿ. ಅದು ಗಟ್ಟಿ, ಎಣ್ಣೆಯಂಶದ್ದು. ಅದರ ಹುಡಿ ಕೆಲವರಿಗೆ ಮೈತುರಿಕೆ, ಉಬ್ಬಸ ತರುತ್ತದೆ.


ಉತ್ತರ 3: ಸಿಲ್ವರ್ ಓಕ್ (ಮೂಡಿಗೆರೆ)

ಮಲೆನಾಡಿನವರೇ ಪ್ರಶ್ನೆ ಕೇಳಿರುವುದರಿಂದ ಬಯಲುಸೀಮೆಯ ಸ್ನೇಹಿತರಿಗೆ ತೋಚದ ಎರಡು ವಿಷಯಗಳನ್ನು ಹೇಳುತ್ತೇನೆ. ಮನೆಗೆಲಸ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿನಲ್ಲಿ ಮಕ್ಕಳ ಜೋಡಣೆಯಾಟದ ಚಿತ್ರಗಳನ್ನು ಕತ್ತರಿಸುವುದು ನನ್ನ ಹವ್ಯಾಸ. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳ ಹಲಗೆಯೇ ನನ್ನ ಸಾಮಗ್ರಿ.

ಮೊದಲನೆಯದು ವಿದ್ಯುತ್ತು. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟ್ ಹೋಗುವುದಕ್ಕೂ ಬರುವುದಕ್ಕೂ ಹೊತ್ತುಗೊತ್ತಿಲ್ಲ. ಅಗ್ಗದ ಯಂತ್ರದ ಸ್ವಿಚ್ ಗೋಡೆಯ ಸ್ವಿಚ್ಚಿನಂತಹ ಸರಳವಾದದ್ದಾದರೆ, ಕರೆಂಟ್ ಹೋದಾಗ ಅದು ತಾನಾಗಿ ಆರುವುದಿಲ್ಲ. ಯಂತ್ರ ನಿಂತಿದೆಯೆಂದು ನೀವು ಬ್ಲೇಡ್ ಬದಲಿಸಲು ಬೆರಳು ಹಾಕಿದ ಹೊತ್ತಿಗೇ ಕರೆಂಟ್ ಬಂದರೆ ಯಂತ್ರ ಓಡಲು ಆರಂಭಿಸುತ್ತದೆ. ನನಗೆ ಹಾಗಾದಾಗ ಪುಣ್ಯಕ್ಕೆ ಕೈಯಲ್ಲಿ ಇಕ್ಕಳವಿತ್ತು. ಅಂದಿನಿಂದ ಬ್ಲೇಡ್ ಮುಟ್ಟುವ ಮೊದಲು ಪ್ಲಗ್ಗನ್ನು ಕಿತ್ತು ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಡುತ್ತೇನೆ. ಕರೆಂಟ್ ಹೋದಾಗ ತಾನೇ ಆರಿ, ಮತ್ತೆ ಒತ್ತಿದರಷ್ಟೇ ಚಾಲೂ ಆಗುವ ಸ್ವಿಚ್‌ಗಳೂ ಬರುತ್ತವೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿಕೊಳ್ಳಬಹುದು. ಮನೆಯ ಹಳೆಯ ಇನ್ವರ್ಟರ್‌ನಲ್ಲಿ ಓಡಿಸಲು ಹೋಗಬೇಡಿ; ಶುದ್ಧ ಸೈನ್ ತರಂಗ ಕೊಡದ ಇನ್ವರ್ಟರಿನಲ್ಲಿ ಇಂತಹ ಮೋಟಾರು ಗೊರಗುಟ್ಟಿ ಬಿಸಿಯಾಗುತ್ತದೆ.

ಎರಡನೆಯದು ತುಕ್ಕು. ಯಂತ್ರದ ಮೇಜು ಎರಕದ ಕಬ್ಬಿಣದ್ದಾದರೆ ಆಷಾಢದ ಒಂದು ವಾರ ಸಾಕು, ಕೆಂಪಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮೇಣದ ಬತ್ತಿಯನ್ನು ಮೇಜಿನ ಮೇಲೆ ಉಜ್ಜಿ ಒಣ ಬಟ್ಟೆಯಿಂದ ತಿಕ್ಕಿದರೆ ತುಕ್ಕೂ ತಡೆಯುತ್ತದೆ, ಮರವೂ ಸಲೀಸಾಗಿ ಜಾರುತ್ತದೆ. ಬ್ಲೇಡ್‌ಗಳನ್ನು ಹೊಲಿಗೆ ಯಂತ್ರದ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಕೊಬ್ಬರಿ ಎಣ್ಣೆ ಬೇಡ. ಅದು ಚಳಿಯಲ್ಲಿ ಗಟ್ಟಿಯಾಗಿ ಹುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ.

ಮರ ಯಾವುದೆಂದು ಕೇಳಿದ್ದೀರಿ. ಸಿಲ್ವರ್ ಓಕ್ ಮೃದು, ಅಗ್ಗ, ಬ್ಲೇಡಿಗೆ ಹಿತ. ನಿಮ್ಮ ಕಡೆ ಎಲ್ಲೆಲ್ಲೂ ಇರುವ ಅಕೇಶಿಯಾ ಚೆಂದವಾಗಿ ಕಾಣುತ್ತದೆ, ಆದರೆ ಹೊಸ ಕೈಗೆ ಅದು ಗಟ್ಟಿ. ಸಾಮಾನು ತುಂಬಿ ಬರುವ ಪೆಟ್ಟಿಗೆಗಳ ಪೈನ್ ಹಲಗೆಯೂ ಅಭ್ಯಾಸಕ್ಕೆ ಒಳ್ಳೆಯದು. ಅದರ ಮೇಲಿನ ಮುದ್ರೆಯನ್ನು ಮಾತ್ರ ನೋಡಿಕೊಳ್ಳಿ. ‘ಎಚ್‌ಟಿ’ ಎಂದಿದ್ದರೆ ಕಾಯಿಸಿ ಹದಗೊಳಿಸಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಮಕ್ಕಳ ಸಾಮಾನಿಗೆ ಬಳಸಕೂಡದು. ಯಾವ ಮರವಾದರೂ ಮೂಗಿಗೆ ಎನ್‌95 ಮುಸುಕು, ಕಣ್ಣಿಗೆ ಕನ್ನಡಕ ಇರಲಿ, ಹೆಗಲ ಮೇಲೆ ಶಾಲು ಬೇಡ.


ಉತ್ತರ 4: ದೂರದ ಕನ್ನಡಿಗ (ಅಮೆರಿಕ)

ನಿಮ್ಮ ಅಣ್ಣನ ಮಗನ ಪ್ರೀತಿ ದೊಡ್ಡದು, ಆದರೆ ಯಂತ್ರ ಬೇಡವೆಂದು ಅವರಿಗೆ ಹೇಳಿಬಿಡಿ. ಇಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮೂರಿನದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಪ್ಲಗ್ ಹಾಕಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಇಳಿಕೆಯ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೆ ವೋಲ್ಟೇಜ್ ಸರಿಹೋದೀತು, ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸುವುದಿಲ್ಲ. ಇಂಡಕ್ಷನ್ ಮೋಟಾರಾದರೆ ನಿಧಾನವಾಗಿ ತಿರುಗಿ ಹೆಚ್ಚು ಬಿಸಿಯಾಗುತ್ತದೆ. ಸಾಲದ್ದಕ್ಕೆ ಯಂತ್ರದ ತೂಕ ಹನ್ನೆರಡು ಕಿಲೋ ಆಸುಪಾಸು. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ ಸಿಗುವುದು 23 ಕಿಲೋ, ಅದರಲ್ಲಿ ಅರ್ಧ ಹೋಯಿತು.

ಬದಲಿಗೆ ಬ್ಲೇಡ್‌ಗಳನ್ನು ತರಲು ಹೇಳಿ. ಇಲ್ಲಿ ಡಜನ್ ಲೆಕ್ಕದಲ್ಲಿ ಮಾರುತ್ತಾರೆ; ಹತ್ತು ಡಜನ್ ಕಟ್ಟಿದರೂ ಒಂದು ಉಪ್ಪಿನಕಾಯಿ ಬಾಟಲಿಯ ತೂಕ ಬರುವುದಿಲ್ಲ. ಸ್ವಿಟ್ಜರ್ಲೆಂಡಿನ ಪೇಗಾಸ್, ಅಮೆರಿಕದ ಓಲ್ಸನ್ ಎರಡನ್ನೂ ಬಳಸಿದ್ದೇನೆ, ಎರಡೂ ಚೆನ್ನಾಗಿವೆ. 1, 3, 5ನೇ ಸಂಖ್ಯೆಗಳಲ್ಲಿ ಎರಡೆರಡು ಡಜನ್, ಎಲ್ಲವೂ ಪಿನ್ ಇಲ್ಲದ ರಿವರ್ಸ್ ಟೂತ್. ಕೈಚೀಲದಲ್ಲಿ ಇಟ್ಟುಕೊಳ್ಳದೆ ಲಗೇಜಿನಲ್ಲಿ ಹಾಕಲು ತಿಳಿಸಿ.


ಮಲೆನಾಡಿನ ಓದುಗ (ಸಾಗರ), ಎರಡೂವರೆ ತಿಂಗಳ ನಂತರ

ಎಲ್ಲರಿಗೂ ಋಣಿಯಾಗಿದ್ದೇನೆ. ಎರಡೂ ಬಗೆಯ ಬ್ಲೇಡ್ ಹಿಡಿಯುವ 16 ಅಂಗುಲದ ಯಂತ್ರವೊಂದನ್ನು ಕೊಂಡು, ಕೆಳಗಿನ ಸೌದೆ ಕೊಟ್ಟಿಗೆಯಲ್ಲಿ ಮೇಜಿಗೆ ಬಿಗಿದಿದ್ದೇನೆ. ಮೈಸೂರಿನವರ ಮಾತಿಗೆ ಬೆಲೆ ಕೊಟ್ಟು, ಯಂತ್ರ ಬರುವವರೆಗೆ ಅಕ್ಕಸಾಲಿಯೊಬ್ಬರಿಂದ ಪಡೆದ ಕೈಗರಗಸದಲ್ಲಿ ‘ಗ’ ಮತ್ತು ‘ಬ’ ಕತ್ತರಿಸಿದೆ. ಒಂದೊಂದಕ್ಕೆ ಒಂದೊಂದು ಸಂಜೆ ಹಿಡಿಯಿತು.

ಈಗ ಯಂತ್ರದಲ್ಲಿ ಮೂರು ತೊಂದರೆಗಳು. ಗೆರೆಯ ಮೇಲೆ ನೇರವಾಗಿ ತಳ್ಳಿದರೂ ಬ್ಲೇಡ್ ಸದಾ ಬಲಕ್ಕೆ ಎಳೆಯುತ್ತದೆ. ಯಂತ್ರವೇ ದೋಷಪೂರಿತವೆಂದು ಹಿಂದಿರುಗಿಸಲು ಯೋಚಿಸುತ್ತಿದ್ದೇನೆ. ಒಂದು ವಾರದಲ್ಲಿ ಒಂಬತ್ತು ಬ್ಲೇಡ್‌ಗಳು ಮುರಿದಿವೆ. ಮತ್ತು ಕತ್ತರಿಸಿ ತೆಗೆದ ‘ರ’ ಅಕ್ಷರದ ಒಳತುಂಡು ಮೇಲಿನಿಂದ ಹೊರಬರುತ್ತದೆ, ಕೆಳಗಿನಿಂದ ಬರುವುದಿಲ್ಲ.


ಉತ್ತರ 5: ಮರದ ಹೊಟ್ಟು (ಬೆಂಗಳೂರು)

ಸರ್, ಯಂತ್ರವನ್ನು ಹಿಂದಿರುಗಿಸಬೇಡಿ. ಬಲಕ್ಕೆ ಎಳೆಯುವುದು ಯಂತ್ರದ ದೋಷವಲ್ಲ, ಬ್ಲೇಡಿನ ಜನ್ಮಗುಣ. ಹಲ್ಲುಗಳನ್ನು ಕೊರೆಯುವಾಗ ಬ್ಲೇಡಿನ ಒಂದು ಮಗ್ಗುಲಿನಲ್ಲಿ ಸಣ್ಣ ಮುಳ್ಳಂಚು ಉಳಿಯುತ್ತದೆ, ಆ ಬದಿ ಹೆಚ್ಚು ಚುರುಕಾಗಿ ಕಡಿಯುತ್ತದೆ. ಎಲ್ಲರೂ ಮಾಡುವುದು ಇಷ್ಟೇ: ಹಲಗೆಯನ್ನು ಮೂರು ನಾಲ್ಕು ಡಿಗ್ರಿಯಷ್ಟು ಓರೆಯಾಗಿ ಹಿಡಿದು ತಳ್ಳುತ್ತಾರೆ; ಹತ್ತು ಹಲಗೆ ಕತ್ತರಿಸುವ ಹೊತ್ತಿಗೆ ಆ ಓರೆ ಕೈಗೆ ತಾನಾಗಿ ಬರುತ್ತದೆ. ಸುತ್ತು ಗೆರೆಗಳಲ್ಲಿ ಅದು ಗೊತ್ತೂ ಆಗುವುದಿಲ್ಲ. ಬೇಕೆನಿಸಿದರೆ, ಕನ್ನಡಕ ಹಾಕಿಕೊಂಡು, ಯಂತ್ರ ನಿಧಾನವಾಗಿ ಓಡುತ್ತಿರುವಾಗ ಸಾಣೆಕಲ್ಲನ್ನು ಬ್ಲೇಡಿನ ಬಲ ಮಗ್ಗುಲಿಗೂ ಬೆನ್ನಿಗೂ ಹಗುರವಾಗಿ ಒಂದೆರಡು ಕ್ಷಣ ತಾಗಿಸಿ. ಬೆನ್ನಿನ ಮೂಲೆಗಳು ದುಂಡಾದರೆ ಇಕ್ಕಟ್ಟಿನ ತಿರುವುಗಳಲ್ಲಿ ಅದು ಇನ್ನೂ ಸಲೀಸಾಗಿ ತಿರುಗುತ್ತದೆ.

ಒಂಬತ್ತು ಬ್ಲೇಡ್ ಮುರಿದದ್ದಕ್ಕೆ ಕಾರಣ ಬಿಗುವಿನಲ್ಲಿದೆ, ಇಲ್ಲವೇ ನಿಮ್ಮ ಅವಸರದಲ್ಲಿದೆ. ಬ್ಲೇಡನ್ನು ಬಿಗಿದ ಮೇಲೆ ತಂಬೂರಿಯ ತಂತಿಯಂತೆ ಮೀಟಿ ನೋಡಿ. ಮಂದ್ರದಲ್ಲಿ ದೊಗಳೆಯಾಗಿ ನುಡಿದರೆ ಬಿಗು ಸಾಲದು, ತಾರದಲ್ಲಿ ‘ಟಿಣ್’ ಎಂದರೆ ಸರಿ. ಬೆರಳಿನಿಂದ ಪಕ್ಕಕ್ಕೆ ಒತ್ತಿದಾಗ 3 ಮಿ.ಮೀ.ಗಿಂತ ಹೆಚ್ಚು ಬಾಗಬಾರದು. ದೊಗಳೆ ಬ್ಲೇಡ್ ಮರದೊಳಗೆ ಬಿಲ್ಲಿನಂತೆ ಬಾಗಿ ಮುರಿಯುತ್ತದೆ. ಬಿಗು ಸರಿಯಿದ್ದೂ ಮುರಿದರೆ ನೀವು ಹಲಗೆಯನ್ನು ತಳ್ಳುತ್ತಿಲ್ಲ, ನೂಕುತ್ತಿದ್ದೀರಿ ಎಂದರ್ಥ. ಮೊಂಡಾದ ಬ್ಲೇಡನ್ನು ಮಿತವ್ಯಯದ ದೃಷ್ಟಿಯಿಂದ ಉಳಿಸಿಕೊಳ್ಳಬೇಡಿ. ಮೊಂಡಾದಂತೆ ನೂಕುವುದು ಹೆಚ್ಚುತ್ತದೆ.

ಮಿತವ್ಯಯಕ್ಕೆ ಬೇರೆ ದಾರಿಯಿದೆ. ಬ್ಲೇಡ್ 5 ಅಂಗುಲ ಉದ್ದವಿದ್ದರೂ ಆಡುವುದು ಸುಮಾರು 20 ಮಿ.ಮೀ. ಮಾತ್ರ, 6 ಮಿ.ಮೀ. ಹಲಗೆ ಕತ್ತರಿಸುವಾಗ ನಡುವಿನ 26 ಮಿ.ಮೀ. ಭಾಗವಷ್ಟೇ ಸವೆಯುತ್ತದೆ. ಅದು ಸವೆದ ಮೇಲೆ ಯಂತ್ರದ ಮೇಜಿನ ಮೇಲೆ 12 ಮಿ.ಮೀ. ಪ್ಲೈವುಡ್ ತುಂಡೊಂದನ್ನು, ನಡುವೆ ಬ್ಲೇಡ್ ತೂರುವಷ್ಟೇ ಸಣ್ಣ ರಂಧ್ರ ಕೊರೆದು, ಎರಡು ಬದಿಯ ಟೇಪಿನಿಂದ ಅಂಟಿಸಿ. ಹಲಗೆ ಮೇಲೆದ್ದು ಬ್ಲೇಡಿನ ಸವೆಯದ ಭಾಗ ಕೆಲಸಕ್ಕೆ ಬರುತ್ತದೆ. ಜೊತೆಗೆ ಸಣ್ಣ ತುಂಡುಗಳು ಮೇಜಿನ ದೊಡ್ಡ ಕಿಂಡಿಯೊಳಗೆ ಬೀಳುವುದೂ ತಪ್ಪುತ್ತದೆ. ಇನ್ನೊಂದು, ನಕ್ಷೆಯ ಕಾಗದದ ಮೇಲೆ ಪೊಟ್ಟಣ ಕಟ್ಟುವ ಪಾರದರ್ಶಕ ಟೇಪ್ ಅಂಟಿಸಿ ಕತ್ತರಿಸಿದರೆ ಅಂಚು ಕರಕಲಾಗುವುದು ಕಡಿಮೆಯಾಗುತ್ತದೆ. ನಕ್ಷೆಯನ್ನು ನೇರವಾಗಿ ಮರಕ್ಕೆ ಅಂಟಿಸದೆ, ಮರಕ್ಕೆ ಮೊದಲು ಮಾಸ್ಕಿಂಗ್ ಟೇಪ್ ಹಾಕಿ ಅದರ ಮೇಲೆ ಅಂಟಿಸಿ. ಕೊನೆಗೆ ಎಲ್ಲವೂ ಒಟ್ಟಿಗೆ ಕಿತ್ತುಬರುತ್ತದೆ.

ಒಳತುಂಡು ಒಂದೇ ಕಡೆಯಿಂದ ಬರುತ್ತಿದ್ದರೆ ಮೇಜು ಬ್ಲೇಡಿಗೆ ಲಂಬವಾಗಿಲ್ಲ. ಮೇಜಿನ ಕೆಳಗಿನ ಡಿಗ್ರಿ ಗುರುತನ್ನು ನಂಬಬೇಡಿ, ಅಗ್ಗದ ಯಂತ್ರದಲ್ಲಿ ಅದು ಅಂದಾಜಿನದು. ಪುಟ್ಟ ಮೂಲೆಮಟ್ಟವನ್ನು ಬ್ಲೇಡಿನ ಪಕ್ಕಕ್ಕೆ ನಿಲ್ಲಿಸಿ ಸರಿಪಡಿಸಿ. ಅದಕ್ಕಿಂತ ನಿಖರವಾದ ಪರೀಕ್ಷೆ ಇನ್ನೊಂದಿದೆ: 20 ಮಿ.ಮೀ. ದಪ್ಪದ ಮರದ ತುಂಡಿನ ಅಂಚಿಗೆ ಚಿಕ್ಕದೊಂದು ಸೀಳು ಹಾಕಿ, ಯಂತ್ರ ನಿಲ್ಲಿಸಿ, ತುಂಡನ್ನು ಅರ್ಧ ಸುತ್ತು ತಿರುಗಿಸಿ, ಅದೇ ಸೀಳನ್ನು ಬ್ಲೇಡಿನ ಹಿಂಬದಿಯಿಂದ ಸೇರಿಸಿ ನೋಡಿ. ಬ್ಲೇಡ್ ತಡೆಯಿಲ್ಲದೆ ಸೀಳಿನೊಳಗೆ ಹೋದರೆ ಮೇಜು ಸರಿಯಾಗಿದೆ.


ಮಲೆನಾಡಿನ ಓದುಗ (ಸಾಗರ)

ಮೂಲೆಮಟ್ಟ ಇಟ್ಟು ನೋಡಿದಾಗ ಮೇಜು ಎಡಕ್ಕೆ ಕಣ್ಣಿಗೆ ಕಾಣುವಷ್ಟೇ ವಾಲಿತ್ತು. ಡಿಗ್ರಿಯ ಮುಳ್ಳು ಸೊನ್ನೆಯಲ್ಲೇ ಇತ್ತು. ಸರಿಪಡಿಸಿದ ಮೇಲೆ ‘ರ’ ಅಕ್ಷರದ ಒಳತುಂಡು ಎರಡೂ ಕಡೆಯಿಂದ ಬರುತ್ತಿದೆ. ಮೀಟಿ ನೋಡುವ ಉಪಾಯದಿಂದಾಗಿ ನಿನ್ನೆ ಮತ್ತು ಇಂದು ಒಂದೂ ಬ್ಲೇಡ್ ಮುರಿದಿಲ್ಲ. ಸ್ವರಗಳು ಮುಗಿದವು; ವ್ಯಂಜನಗಳಲ್ಲಿ ‘ಠ’ದವರೆಗೆ ಬಂದಿದ್ದೇನೆ.

ಚುಕ್ಕೆಗೆ ಕೆಳಗಿನಿಂದ 4 ಮಿ.ಮೀ. ಅಗಲದ ಸೇತುವೆ ಬಿಟ್ಟು ಕತ್ತರಿಸಿ ಮೊಮ್ಮಗಳ ಕೈಗೆ ಕೊಟ್ಟೆ. ಅವಳು ತನ್ನ ಪುಸ್ತಕದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ, “ಅಜ್ಜ, ಪುಸ್ತಕದಲ್ಲಿ ಕೋಲು ಇಲ್ಲ” ಎಂದಳು. ಆದ್ದರಿಂದ ಮೈಸೂರಿನವರಲ್ಲಿ ಒಂದು ಪ್ರಶ್ನೆ: ಸೇತುವೆಯನ್ನು ಹಲಗೆಯ ಹಿಂಬದಿಯಲ್ಲಿ ಮಾತ್ರ ಉಳಿಸಿ ಮುಂಬದಿಯಲ್ಲಿ 3 ಮಿ.ಮೀ.ನಷ್ಟು ಉಳಿಯಿಂದ ಕೆತ್ತಿ ತಗ್ಗಿಸಿ ಕಪ್ಪು ಬಣ್ಣ ಬಳಿದರೆ, ಐದು ಪದರದ ಪ್ಲೈವುಡ್‌ನಲ್ಲಿ ಉಳಿದ ಅರ್ಧ ದಪ್ಪವು ಮಗುವಿನ ಕೈಯಲ್ಲಿ ತಡೆದೀತೇ?